ಮಾತಾಡಿಸಿಕೊಂಡು ಬರೋಣ ಎಂದು ಹೋದದ್ದು

ನನ್ನನ್ನು ಆಂತರಿಕ ದೂರು ಸಮಿತಿಗೆ ಹಾಕಿದ್ದು ನನ್ನ ಮೇಲಿನ ಗೌರವದಿಂದ ಅಲ್ಲ. ಅದಕ್ಕೂ ಮುಂಚಿನ ಸಭೆಯೊಂದರಲ್ಲಿ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ ಎಂದು ನಾನು ಸ್ವಲ್ಪ ದೊಡ್ಡ ದನಿಯಲ್ಲಿ ಹೇಳಿದ್ದೆ. ನಮ್ಮ ವಿಶ್ವವಿದ್ಯಾಲಯದಲ್ಲಿ (ಕಲಬುರಗಿಯಲ್ಲಿ ಈಗ ಒಂದಕ್ಕಿಂತ ಹೆಚ್ಚಿವೆ, ಯಾವುದೆಂದು ಹುಡುಕುವುದು ಬೇಡ) ಬಾಯಿ ಜೋರಿರುವವರನ್ನು ತಣ್ಣಗೆ ಮಾಡಲು ಒಂದು ಸಭ್ಯ ದಾರಿ ಇದೆ. ಅವರನ್ನು ಯಾವುದಾದರೂ ಸಮಿತಿಗೆ ಹಾಕಿಬಿಡುತ್ತಾರೆ. ಆಮೇಲೆ ಅವರು ಸಭೆ ಕರೆಯುವುದು, ಸಭೆ ಮುಂದೂಡುವುದು, ಮುಂದೂಡಿದ ಸಭೆಗೆ ಕೋರಂ ಇಲ್ಲ ಎಂದು ಬರೆಯುವುದು, ಇದರಲ್ಲೇ ಮುಳುಗಿಹೋಗುತ್ತಾರೆ. ನಾನೂ ಮುಳುಗಿದೆ. ಚಿಲಕ ಮಾತ್ರ ಬರಲಿಲ್ಲ.

ಸಮಿತಿಯ ಅಧ್ಯಕ್ಷರು ರಸಾಯನಶಾಸ್ತ್ರದ ಹಿರಿಯ ಪ್ರಾಧ್ಯಾಪಕಿ. ಬಹಳ ಒಳ್ಳೆಯವರು. ಈ ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದ ಮೇಲೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಹಾಸ್ಟೆಲಿನ ಹುಡುಗಿಯರಿಗೆ ಜ್ವರ ಬಂದರೆ ಮನೆಯಿಂದ ಗಂಜಿ ಮಾಡಿಸಿಕೊಂಡು ಬರುವ ಹೆಂಗಸು ಅವರು. ಕಾರ್ಯದರ್ಶಿಯಾಗಿ ಆಡಳಿತ ಕಚೇರಿಯ ಸೂಪರಿಂಟೆಂಡೆಂಟ್ ಇದ್ದರು. ಅವರಿಗೆ ಸಮಿತಿಯ ಕೆಲಸ ಪಾರ್ಟ್ ಟೈಮು. ಫುಲ್ ಟೈಮು ಕೆಲಸವೆಂದರೆ ಸನ್ಮಾನ. ಯಾರು ಬಂದರೂ, ಯಾರು ಹೋದರೂ, ಯಾರು ಸುಮ್ಮನೆ ಕೂತಿದ್ದರೂ ನಮ್ಮಲ್ಲಿ ಶಾಲು ಹೊದಿಸಲೇಬೇಕಾದ್ದರಿಂದ, ವಿಶ್ವವಿದ್ಯಾಲಯದ ಗಾಡಿಯ ಹಿಂಬದಿಯಲ್ಲಿ ಅವರು ಶಾಲಿನ ದಾಸ್ತಾನನ್ನೇ ಇಟ್ಟಿದ್ದರು. ಹೊರಗಿನ ಸದಸ್ಯೆಯಾಗಿ ಊರಿನ ರೋಜಾ ಬಡಾವಣೆಯ ಕಡೆಯ ಒಬ್ಬ ವಕೀಲೆ ಇದ್ದರು. ನಮ್ಮ ನಾಲ್ವರಲ್ಲಿ ಕಾನೂನನ್ನು ಓದಿದ್ದವರು ಅವರೊಬ್ಬರೇ. ಹಾಗಾಗಿ ಸಭೆಯಲ್ಲಿ ಅವರ ಮಾತಿಗೆ ಎಲ್ಲರಿಗಿಂತ ಕಡಿಮೆ ಬೆಲೆ ಇತ್ತು.

ಸಮಿತಿಗೆ ಒಂದು ದೂರು ಪೆಟ್ಟಿಗೆಯೂ ಇತ್ತು. ಕೆಂಪು ಬಣ್ಣ, ಹಿತ್ತಾಳೆ ಬೀಗ, ಮೇಲೆ ‘ನಿಮ್ಮ ಗುರುತನ್ನು ಗೌಪ್ಯವಾಗಿ ಇಡಲಾಗುವುದು’ ಎಂಬ ಬರಹ. ಅದನ್ನು ತೂಗುಹಾಕಿದ್ದು ಆಡಳಿತ ಕಟ್ಟಡದ ವರಾಂಡದಲ್ಲಿ, ಜವಾನರು, ಡ್ರೈವರುಗಳು, ಕ್ಲಾಸಿಲ್ಲದ ಮೇಷ್ಟ್ರುಗಳು ದಿನವಿಡೀ ಕೂತು ಹರಟುವ ಕಲ್ಲುಬೆಂಚಿನ ನೇರ ಎದುರಿಗೆ. ಅದರೊಳಗೆ ಚೀಟಿ ಹಾಕಿದವರ ಹೆಸರು ಚೀಟಿ ತಳ ಮುಟ್ಟುವ ಮೊದಲೇ ನೆಹರು ಗಂಜ್ ಪೇಟೆಯ ತನಕ ಹೋಗಿಬಿಡುತ್ತಿತ್ತು. ಆದ್ದರಿಂದ ಅದರಲ್ಲಿ ಯಾರೂ ಏನೂ ಹಾಕುತ್ತಿರಲಿಲ್ಲ. ವರ್ಷದ ವರದಿಯಲ್ಲಿ ನಾವು ‘ಯಾವುದೇ ದೂರುಗಳು ಬಂದಿರುವುದಿಲ್ಲ’ ಎಂದು ಬರೆದೆವು. ಅದನ್ನು ಓದಿದ ಮೇಲಿನವರು ಇಲ್ಲಿ ವಾತಾವರಣ ಬಹಳ ಚೆನ್ನಾಗಿದೆ ಎಂದು ಸಂತೋಷಪಟ್ಟು, ಸಮಿತಿಯ ಎಲ್ಲರಿಗೂ ಒಂದೊಂದು ಶಾಲು ಹೊದಿಸಿದರು.

ಆ ಹುಡುಗಿ ಪೆಟ್ಟಿಗೆಯ ಕಡೆ ಹೋಗಲಿಲ್ಲ. ಒಂದು ಮಧ್ಯಾಹ್ನ ನೇರವಾಗಿ ನನ್ನ ಕೋಣೆಗೆ ಬಂದು, ಬಾಗಿಲು ಹಾಕಬಹುದೇ ಎಂದು ಕೇಳಿ, ಹಾಕಿ, ಕೂತಳು. ಸಂಶೋಧನಾ ವಿದ್ಯಾರ್ಥಿನಿ. ನನ್ನ ವಿಭಾಗದವಳಲ್ಲ. ಕಮಲಾಪುರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ತಂದೆಗೆ ಅಲ್ಲಿನ ಬಸ್ ನಿಲ್ದಾಣದ ಹತ್ತಿರ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ದೂರು ತನ್ನ ಗೈಡ್ ಮೇಲೆ ಎಂದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಗೈಡನ್ನು ಕಂಡರೆ ‘ಶರಣ್ರಿ ಸರ್’ ಎಂದು ಬಾಗಿ ಕಾಲು ಮುಟ್ಟುತ್ತಾರೆ. ಅಧ್ಯಾಯ ಕೊಡುವಾಗ, ಅಧ್ಯಾಯ ವಾಪಸು ಪಡೆಯುವಾಗ, ಹಬ್ಬಕ್ಕೆ, ಹುಟ್ಟಿದ ದಿನಕ್ಕೆ. ಗೈಡ್ ತಲೆಯ ಮೇಲೆ ಕೈಯಿಟ್ಟು ‘ಒಳ್ಳೇದಾಗ್ಲಿ’ ಅನ್ನುತ್ತಾರೆ. ಈ ಗೈಡಿನ ಕೈ ತಲೆಯ ಮೇಲೆ ನಿಲ್ಲುತ್ತಿರಲಿಲ್ಲ. ಬೆನ್ನಿಗೆ ಇಳಿಯುತ್ತಿತ್ತು, ಅಲ್ಲೇ ಉಳಿಯುತ್ತಿತ್ತು, ಅಲ್ಲಿಂದ ಪಕ್ಕಕ್ಕೆ ಸರಿಯುತ್ತಿತ್ತು. ಅವಳು ಕಾಲು ಮುಟ್ಟುವುದನ್ನು ಬಿಟ್ಟು ದೂರದಿಂದಲೇ ಕೈಮುಗಿಯತೊಡಗಿದಾಗ, ಅವಳ ಅಧ್ಯಾಯಗಳು ವಾಪಸು ಬರುವುದು ನಿಂತಿತು. ‘ವಿನಯ ಇಲ್ಲದವರಿಗೆ ವಿದ್ಯಾ ಹತ್ತಂಗಿಲ್ಲ’ ಎಂದು ಎಲ್ಲರೆದುರು ಅಂದರಂತೆ. ರಜೆಯ ದಿನ ಮನೆಗೇ ಬಂದು ಆಶೀರ್ವಾದ ತೆಗೆದುಕೊಂಡು ಹೋಗು, ಮನೆಯಲ್ಲಿ ಯಾರೂ ಇರುವುದಿಲ್ಲ, ಸಮಾಧಾನದಿಂದ ಅಧ್ಯಾಯ ನೋಡೋಣ ಎಂದು ಫೋನಿನಲ್ಲಿಯೂ ಅಂದರಂತೆ. ಇಷ್ಟನ್ನು ಅವಳು ಅಳದೆ, ಬಸ್ಸಿನ ವೇಳೆ ಹೇಳುವಂತೆ ಹೇಳಿದಳು. ಅವಳೇ ಬರೆದುಕೊಟ್ಟಳು, ನಾನು ಸಮಿತಿಗೆ ತಲುಪಿಸಿದೆ.

ಮೊದಲ ಸಭೆ ನಡೆದದ್ದು ಬೇಸಿಗೆಯಲ್ಲಿ. ಕೂಲರ್ ಎಷ್ಟು ಸದ್ದು ಮಾಡುತ್ತಿತ್ತೆಂದರೆ, ಗೌಪ್ಯ ವಿಷಯವನ್ನು ಎಲ್ಲರೂ ಕೂಗಿ ಮಾತಾಡಬೇಕಾಯಿತು. ಕೈ ಎಲ್ಲಿಯ ತನಕ ಹೋದರೆ ಆಶೀರ್ವಾದ, ಎಲ್ಲಿಂದ ಮುಂದೆ ಹೋದರೆ ಕಿರುಕುಳ ಎಂಬುದು ಚರ್ಚೆಯ ವಿಷಯವಾಯಿತು.

“ತಲಿ ಮ್ಯಾಲ ಇಟ್ಟರ ಆಶೀರ್ವಾದ್ರಿ, ಅದರಾಗ ಡೌಟಿಲ್ಲ,” ಎಂದರು ಸೂಪರಿಂಟೆಂಡೆಂಟ್. “ಬೆನ್ನು ಅಂದ್ರ... ಶಾಬಾಶ್ ಅಂತ ಬೆನ್ನು ತಟ್ಟತೀವಲ್ರಿ?”

“ನಿಮಗ್ಯಾರ ತಟ್ಟ್ಯಾರೇನ್ರಿ, ಅಧ್ಯಾಯ ಮುಗಿಯೂ ತನಕ?” ಎಂದರು ವಕೀಲೆ.

ಸೂಪರಿಂಟೆಂಡೆಂಟ್ ಅದನ್ನು ನಡಾವಳಿಯಲ್ಲಿ ಬರೆಯಲಿಲ್ಲ. ಗೈಡ್ ಬದಲಾಯಿಸಿ, ವಿಚಾರಣೆ ಮುಗಿಯುವವರೆಗೆ ಆತ ಅವಳ ಹತ್ತಿರ ಸುಳಿಯದ ಹಾಗೆ ಮಾಡಿ, ಅದಕ್ಕೆ ಕಾನೂನಿನಲ್ಲೇ ಅವಕಾಶ ಇದೆ ಎಂದು ವಕೀಲೆ ಹೇಳಿದರು. ಅಧ್ಯಕ್ಷರು ಮುಂದಿನ ಸಭೆಗೆ ನೋಡೋಣ ಎಂದರು. ಗೈಡಿಗೆ ನೋಟಿಸು ಹೋಯಿತು. ನೋಟಿಸು ಕೈಗೆ ಬಂದ ಮರುದಿನವೇ ಅವರು ವಿಭಾಗದ ಕಾರಿಡಾರಿನಲ್ಲಿ ಅವಳ ಎದುರಿಗೆ ನಿಂತು, ಏನೂ ಮಾತಾಡದೆ, ಬಹಳ ಹೊತ್ತು ನೋಡಿದರಂತೆ. ಅಂದಿನಿಂದ ಹುಡುಗಿ ಬರುವುದನ್ನು ನಿಲ್ಲಿಸಿದಳು. ನಾನು ಫೋನು ಮಾಡಿದರೆ, “ಹುಷಾರಿಲ್ರಿ ಮೇಡಂ, ಬರ್ತೀನ್ರಿ,” ಎಂದು ಇಟ್ಟುಬಿಟ್ಟಳು.

ಇದನ್ನು ನಾನು ಸಭೆಯಲ್ಲಿ ಹೇಳಿದಾಗ ಅಧ್ಯಕ್ಷರ ಕಣ್ಣು ತುಂಬಿತು. “ಪಾಪ ಕೂಸು ಎಷ್ಟ್ ಪರೇಶಾನ್ ಆಗ್ಯಾದೋ ಏನೋ. ನಾವು ಹಿಂಗ ಕೂತ್ರ ಹೆಂಗ? ಒಂದ್ಸಲ ಮನಿಗಿ ಹೋಗಿ ಮಾತಾಡಿಸ್ಕೊಂಡು ಬರೋಣ,” ಎಂದರು.

ನಮ್ಮ ಕಡೆ ಈ ‘ಮಾತಾಡಿಸಿಕೊಂಡು ಬರುವುದು’ ಎನ್ನುವುದಕ್ಕೆ ಎದುರಾಡುವಂತಿಲ್ಲ. ಯಾರದಾದರೂ ಆಪರೇಶನ್ ಆದರೆ, ಯಾರಾದರೂ ತೀರಿಕೊಂಡರೆ, ಅಂಗಡಿಗೆ ಬೆಂಕಿ ಬಿದ್ದರೆ, ಮಗ ಪರೀಕ್ಷೆಯಲ್ಲಿ ಫೇಲಾದರೆ, ಹೋಗಿ ಮಾತಾಡಿಸಿಕೊಂಡು ಬರಲೇಬೇಕು. ಒಬ್ಬೊಬ್ಬರೇ ಹೋಗುವಂತಿಲ್ಲ, ನಾಲ್ಕು ಮಂದಿ ಕೂಡಿ ಹೋಗಬೇಕು. ಬರಿಗೈಯಲ್ಲಿ ಹೋಗುವಂತಿಲ್ಲ, ಹಣ್ಣು, ಬಿಸ್ಕೀಟು ಒಯ್ಯಬೇಕು. ಹೋಗದಿದ್ದರೆ ಮನುಷ್ಯರೇ ಅಲ್ಲ. ಮುಂಚೆ ಕೇಳಿ ಹೋದರಂತೂ ಅದು ಉಪಚಾರವೇ ಅಲ್ಲ, ಬರೀ ಅಪಾಯಿಂಟ್‌ಮೆಂಟು.

ವಕೀಲೆ ತಲೆ ಚಚ್ಚಿಕೊಂಡರು. “ಅರೇ ಮೇಡಂ, ಬಿಲ್ಕುಲ್ ಬ್ಯಾಡ್ರಿ. ಕಾನೂನಿನ್ಯಾಗ ಗುಪ್ತ ಇಡ್ರಿ ಅಂತದ, ನೀವು ಗಾಡಿ ತಗೊಂಡು ಹೊಂಟೀರಿ. ಹುಡುಗಿಗಿ ಕೇಳಿರೇನು?”

“ಕೇಳಿದ್ರ ಬ್ಯಾಡ ಅಂತಾಳ್ರಿ, ಸಂಕೋಚದ ಹುಡುಗಿ,” ಎಂದರು ಅಧ್ಯಕ್ಷರು.

ನಾನೂ ಬೇಡ ಎಂದೆ. ನನ್ನ ಜೋರು ಬಾಯಿಯನ್ನು ಆ ದಿನ ಕೂಲರ್ ಗೆದ್ದಿತು. ಹೊರಡುವ ದಿನ ವಕೀಲೆಗೆ ಕೋರ್ಟಿನಲ್ಲಿ ಕೆಲಸವಿತ್ತು, ಬರಲಾಗಲಿಲ್ಲ. ಅಲ್ಲಿ ಏನಾಗುತ್ತದೋ, ಒಬ್ಬರಾದರೂ ಬಾಯಿ ಬಿಗಿಹಿಡಿಯುವವರು ಬೇಕಲ್ಲ ಎಂದು ನಾನು ಹೋದೆ. ನಿಜ ಹೇಳಬೇಕೆಂದರೆ ನನಗೂ ಅವಳನ್ನು ನೋಡಬೇಕು ಅನ್ನಿಸಿತ್ತು.

ಮುಂದೆ ವಿಶ್ವವಿದ್ಯಾಲಯದ ಹೆಸರನ್ನು ದಪ್ಪಕ್ಷರದಲ್ಲಿ ಬರೆದ ಬಿಳಿ ಗಾಡಿಯಲ್ಲಿ, ಅತ್ಯಂತ ಗೌಪ್ಯವಾಗಿ, ನಾವು ಹೊರಟೆವು. ದಾರಿಯಲ್ಲಿ ಅಧ್ಯಕ್ಷರು ಗಾಡಿ ನಿಲ್ಲಿಸಿ ಹಣ್ಣು ಕೊಂಡರು. ಬಾಳೆಹಣ್ಣು. ಕೆಂಪು ಬಾಳೆಗೆ ಹೆಸರಾದ ಕಮಲಾಪುರಕ್ಕೆ ಕಲಬುರಗಿಯಿಂದ ಬಾಳೆಹಣ್ಣು ಒಯ್ದವರು ಬಹುಶಃ ನಾವೇ ಮೊದಲಿಗರು. ಅದನ್ನು ನಾನು ಹೇಳಿದಾಗ, “ಪ್ರೀತಿಲೇ ಒಯ್ಯೋದು ಮುಖ್ಯ,” ಎಂದರು. ಹುಮನಾಬಾದ್ ರಸ್ತೆಯ ಉದ್ದಕ್ಕೂ ಅವರು ಹುಡುಗಿಗೆ ಹೇಗೆ ಧೈರ್ಯ ಹೇಳಬೇಕು ಎಂದು ಅಭ್ಯಾಸ ಮಾಡುತ್ತಿದ್ದರು. ‘ನೀ ಒಬ್ಬಾಕಿ ಅಲ್ಲ’ ಎಂಬ ಮಾತಿನಿಂದ ಶುರು ಮಾಡುವುದೆಂದು ತೀರ್ಮಾನವಾಯಿತು.

ಕಮಲಾಪುರದಲ್ಲಿ ಡ್ರೈವರ್ ಮನೆ ಗೊತ್ತಿಲ್ಲದೆ ಬಸ್ ನಿಲ್ದಾಣದ ಹತ್ತಿರ ವಿಚಾರಿಸಿದ. ವಿಚಾರಿಸಿದ್ದು ಯಾರನ್ನು ಅಂದರೆ ಅವಳ ತಂದೆಯನ್ನೇ. ಅವರು ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು, ಅಂಗಡಿಯನ್ನು ಪಕ್ಕದವರಿಗೆ ನೋಡಿಕೊಳ್ಳಲು ಹೇಳಿ, ಗಾಡಿಯ ಮುಂದೆ ಮುಂದೆ ಸ್ಕೂಟರಿನಲ್ಲಿ ದಾರಿ ತೋರಿಸುತ್ತ ಹೋದರು. ನಾವು ಇಳಿಯುವ ಹೊತ್ತಿಗೆ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ಕಾರಿನಿಂದ ಇಬ್ಬರು ಹೆಂಗಸರು ಒಳ್ಳೆಯ ಸೀರೆಯುಟ್ಟು, ಒಬ್ಬ ಗಂಡಸು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಯಲ್ಲಿ ಹಣ್ಣು ಹಿಡಿದು ಇಳಿದರೆ, ಮದುವೆಗೆ ಬಂದ ಹುಡುಗಿ ಇರುವ ಮನೆಯ ಮುಂದೆ, ಅದರ ಅರ್ಥ ಒಂದೇ. ಕನ್ಯಾ ನೋಡಲು ಬಂದಿದ್ದಾರೆ.

ತಾಯಿ ಸೆರಗು ಸರಿಮಾಡಿಕೊಂಡು ಒಳಗೆ ಓಡಿದರು. ರವೆ ಹುರಿಯುವ ವಾಸನೆ ಬಂತು. ಪಕ್ಕದ ಮನೆಯ ಅಜ್ಜಿಯೊಬ್ಬರು ಕೇಳದೆಯೇ ಒಳಬಂದು ನನ್ನ ಪಕ್ಕ ಕೂತು, ಸೂಪರಿಂಟೆಂಡೆಂಟರನ್ನು ಮೇಲಿಂದ ಕೆಳಗೆ ನೋಡಿ, “ಹುಡುಗನ ಅಪ್ಪ ಇವ್ರೇನ್ರೆವ್ವ? ಹುಡುಗ ಏನ್ ನೌಕರಿ ಮಾಡ್ತಾನ?” ಎಂದು ನನ್ನನ್ನು ಕೇಳಿದರು. ಸೂಪರಿಂಟೆಂಡೆಂಟ್ ಹಣೆಯ ಬೆವರು ಒರೆಸಿಕೊಂಡರು.

ಆಗ ಹುಡುಗಿ ಒಳಗಿನಿಂದ ಬಂದಳು. ನಮ್ಮನ್ನು ನೋಡಿದ ಕ್ಷಣ ಅವಳ ಮುಖದಲ್ಲಿದ್ದದ್ದನ್ನು ನಾನು ಮರೆತಿಲ್ಲ. ನೆಮ್ಮದಿಯಲ್ಲ ಅದು, ಸಂಕೋಚವೂ ಅಲ್ಲ. ಬರೀ ಭಯ. ಕಾರಿಡಾರಿನಲ್ಲಿ ಗೈಡ್ ಎದುರಿಗೆ ನಿಂತಾಗ ಅವಳ ಮುಖ ಹೇಗಿತ್ತು ಎಂದು ನಾನು ನೋಡಿರಲಿಲ್ಲ. ಈಗ ನೋಡಿದೆ.

ಅಧ್ಯಕ್ಷರು ಕೈ ಚಾಚಿ, “ಬಾರವ್ವ, ನೀ ಒಬ್ಬಾಕಿ...” ಎಂದು ಶುರು ಮಾಡಿದರು. ಹುಡುಗಿ ನೇರ ಬಂದು ಅವರ ಕಾಲಿಗೆ ಬಿದ್ದಳು. ಬಿದ್ದವಳು ಏಳಲಿಲ್ಲ. ತಲೆ ಕೆಳಗಿಟ್ಟುಕೊಂಡೇ, ಅಧ್ಯಕ್ಷರಿಗೂ ಪಕ್ಕದಲ್ಲಿದ್ದ ನನಗೂ ಮಾತ್ರ ಕೇಳುವಷ್ಟು ಸಣ್ಣಗೆ, “ಮನ್ಯಾಗ ಗೊತ್ತಿಲ್ರಿ ಮೇಡಂ. ಗೊತ್ತಾದ್ರ ನನ್ನ ಓದು ಬಂದ್ ಮಾಡ್ತಾರ,” ಎಂದಳು.

ಅಧ್ಯಕ್ಷರ ಕೈ ಅವಳ ತಲೆಯ ಮೇಲೆ ಹಾಗೇ ನಿಂತಿತು. ಆಶೀರ್ವಾದ ಬಹಳ ದೊಡ್ಡದಾಯಿತು. ಓಣಿಯವರೆಲ್ಲ ಅದನ್ನು ಭಕ್ತಿಯಿಂದ ನೋಡಿದರು.

“ಇಷ್ಟ್ ದೂರ ಬಂದೀರಿ ಮೇಡಂ, ಏನ್ ಕೆಲಸಿತ್ರಿ?” ಎಂದರು ತಂದೆ, ಎಲ್ಲರಿಗೂ ನೀರು ಕೊಟ್ಟಾದ ಮೇಲೆ.

ಅಧ್ಯಕ್ಷರಿಗೆ ಸುಳ್ಳು ಹೇಳಲು ಬರುವುದಿಲ್ಲ. ಅವರು ಫ್ಯಾನು ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಸೂಪರಿಂಟೆಂಡೆಂಟ್ ಎದ್ದು ನಿಂತು, ತಮ್ಮ ವೃತ್ತಿಜೀವನದಲ್ಲಿ ಎಂದೂ ಕೈಕೊಡದಿದ್ದ ಆ ಒಂದೇ ಪದವನ್ನು ಹೇಳಿದರು. “ಸನ್ಮಾನ್ರಿ!”

ಆಮೇಲಿನದೆಲ್ಲ ತಾನಾಗಿಯೇ ನಡೆಯಿತು. ಡ್ರೈವರ್ ಗಾಡಿಯಿಂದ ಶಾಲು ತಂದ. ಸಂಶೋಧನೆಯಲ್ಲಿ ಮುಂದಿರುವ ಪ್ರತಿಭಾವಂತ ವಿದ್ಯಾರ್ಥಿಗಳನ್ನು ಅವರ ಮನೆಗೇ ಹೋಗಿ ಗೌರವಿಸುವ ಹೊಸ ಯೋಜನೆಯ ಬಗ್ಗೆ ಸೂಪರಿಂಟೆಂಡೆಂಟ್ ಪುಟ್ಟ ಭಾಷಣ ಮಾಡಿದರು. ಎಷ್ಟು ಚೆನ್ನಾಗಿತ್ತೆಂದರೆ ಅಂಥದೊಂದು ಯೋಜನೆ ಇದ್ದರೆ ಒಳ್ಳೆಯದಿತ್ತು ಎಂದು ನನಗೇ ಅನ್ನಿಸಿತು. ಬಾಳೆಹಣ್ಣು ಸನ್ಮಾನದ ಫಲವಾಯಿತು. ಅಧ್ಯಕ್ಷರು ಶಾಲು ಹೊದಿಸಿದರು. ತಂದೆ ಕಣ್ಣೊರೆಸಿಕೊಂಡರು. ಅಜ್ಜಿಗೆ ಮಾತ್ರ ಹುಡುಗನ ವಿಷಯ ಇನ್ನೂ ಬಗೆಹರಿದಿರಲಿಲ್ಲ. ತಾಯಿ ಬಿಸಿ ಉಪ್ಪಿಟ್ಟು, ಶಿರಾ ತಂದಿಟ್ಟು, “ಈಕಿ ನಾಕ್ ದಿನದಿಂದ ಹುಷಾರಿಲ್ಲಂತ ಮನ್ಯಾಗೇ ಕುಂತಾಳ್ರಿ, ಈಗ ನೋಡ್ರಿ, ಹುಷಾರಾದ್ಲು,” ಎಂದು ನಕ್ಕರು. ಹುಡುಗಿಯೂ ನಗುತ್ತಿದ್ದಳು. ಆ ನಗು ನೋಡಿ ನಾನು ಶಿರಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

ಹೊರಡುವಾಗ ಸೂಪರಿಂಟೆಂಡೆಂಟ್ ಎಲ್ಲರನ್ನೂ ನಿಲ್ಲಿಸಿ ಫೋಟೋ ತೆಗೆಸಿ, ತಂದೆಯ ಫೋನಿಗೂ ಒಂದು ಕಳಿಸಿದರು. ಫೋಟೋ ಇಲ್ಲದ ಸನ್ಮಾನವನ್ನು ಯಾರು ನಂಬುತ್ತಾರೆ? ವಾಪಸು ಬರುವಾಗ ಗಾಡಿಯಲ್ಲಿ ಹೇಗೋ ಪಾರಾದೆವು ಎಂಬ ನಿಟ್ಟುಸಿರು ಮಾತ್ರ ಇತ್ತು. ಆ ನಿಟ್ಟುಸಿರಿನ ಸಡಿಲದಲ್ಲೇ ಇರಬೇಕು, ಕಲಬುರಗಿ ಮುಟ್ಟುವ ಮೊದಲೇ ಸೂಪರಿಂಟೆಂಡೆಂಟ್ ಪ್ರತಿ ಸನ್ಮಾನದ ನಂತರ ಮಾಡುವುದನ್ನೇ ಮಾಡಿಬಿಟ್ಟರು. ವಿಶ್ವವಿದ್ಯಾಲಯದ ಸಿಬ್ಬಂದಿಯ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರು. ಬೆರಳಿಗೆ ಅಭ್ಯಾಸ. ನನ್ನ ಫೋನು ಸದ್ದು ಮಾಡಿತು. ತೆರೆದು ನೋಡಿದರೆ, ‘ಕಮಲಾಪುರದ ಮನೆಯಂಗಳದಲ್ಲಿ ಸಂಶೋಧನಾ ವಿದ್ಯಾರ್ಥಿನಿಗೆ ಆತ್ಮೀಯ ಸನ್ಮಾನ’. ಅದರ ಕೆಳಗೆ ಆಗಲೇ ಚಪ್ಪಾಳೆಗಳು ಶುರುವಾಗಿದ್ದವು.

“ಏನ್ ಮಾಡಿದ್ರಿ ಇದು!” ಎಂದು ನಾನು ಕಿರುಚಿದೆ. ಅವರು ಅಳಿಸಲು ಹೋದರು. ಅಷ್ಟರಲ್ಲಿ ಕೈಮುಗಿದ ಚಿತ್ರದೊಂದಿಗೆ ಒಂದು ಉತ್ತರ ಬಂದಿತ್ತು. ‘ನನ್ನ ಮಾರ್ಗದರ್ಶನದಲ್ಲಿ ಬೆಳೆದ ಶಿಷ್ಯೆಗೆ ಸಂದ ಗೌರವ. ಸಾರ್ಥಕ ಭಾವ.’ ಬರೆದವರು ಗೈಡ್. ಎಲ್ಲರೂ ಅವರಿಗೆ ಅಭಿನಂದನೆ ಹೇಳುತ್ತಿದ್ದರು.

ನೋಟಿಸಿಗೆ ಅವರ ಉತ್ತರ ಬಂದಾಗ ಅದರ ಜೊತೆ ಆ ಫೋಟೋ ಬಣ್ಣದಲ್ಲಿ ಅಚ್ಚಾಗಿ ಲಗತ್ತಾಗಿತ್ತು. ವಾದ ಸರಳವಾಗಿತ್ತು. ದೂರುದಾರಳು ನೊಂದಿದ್ದಾಳೆ, ಅಭ್ಯಾಸ ನಿಂತಿದೆ ಎನ್ನುವುದು ಸುಳ್ಳು. ಆಕೆಯ ಸಂಶೋಧನೆ ಮುಂಚೂಣಿಯಲ್ಲಿದೆ ಎಂದು ವಿಚಾರಣೆ ನಡೆಸುವ ಸಮಿತಿಯೇ ಸಾರ್ವಜನಿಕವಾಗಿ ಸನ್ಮಾನಿಸಿದೆ. ಆಕೆಯ ಗೈಡ್ ಯಾರು? ‘ನಾನೇ’ ಎಂದು ಬರೆದಿದ್ದರು. ಇನ್ನು ಕಿರುಕುಳ ಎಲ್ಲಿ? ಫೋಟೋದಲ್ಲಿ ನಾವೆಲ್ಲ ನಗುತ್ತಿದ್ದೆವು. ನಾನೂ.

ಮುಂದಿನ ಸಭೆಗೆ ಹುಡುಗಿಯನ್ನು ಕರೆದೆವು. ಈ ಸಲ ಕೂಲರ್ ಬಂದ್ ಮಾಡಿ, ಕಿಟಕಿ ಮುಚ್ಚಿ, ಬೆವರುತ್ತ ಕೂತೆವು. ವಕೀಲೆ ನಮ್ಮ ಮೂವರನ್ನು ಬೈಯುವುದನ್ನು ಮೊದಲೇ ಮುಗಿಸಿದ್ದರು. ಈಗ ಹುಡುಗಿಯ ಕಡೆ ತಿರುಗಿ ಸಮಾಧಾನದಿಂದ ಹೇಳಿದರು. “ನೋಡಮ್ಮಾ, ಈ ಫೋಟೋ ಸುಳ್ಳು ಅಂತ ಸಮಿತಿ ಖುದ್ದು ಬರೀಬೇಕು. ನಿನಗ ಕೇಳಲಾರ್ದ ಮನಿಗಿ ಬಂದ್ವಿ, ಸಿಕ್ಕಿಬೀಳ್ತೀವಂತ ಸನ್ಮಾನದ ಸುಳ್ಳು ಕಟ್ಟಿದ್ವಿ ಅಂತ. ಬರದ್ರ ಕೇಸ್ ನಿಲ್ತದ. ಆದ್ರ ಅದರ ನಕಲು ನಿನ್ನ ಗೈಡಿಗೂ ಹೋಗ್ತದ. ಅವರ ಸೋದರಮಾವನ ಮನಿ ಕಮಲಾಪುರದಾಗೇ ಅದ ಅಂತ ನೀನೇ ಹೇಳೀದಿ. ನಿಮ್ಮ ಅಪ್ಪಗ ಮುಟ್ಟಲಾಕ ಎಷ್ಟೊತ್ತು?”

ಬರೆಯದಿದ್ದರೆ ದೂರು ಬೀಳುತ್ತದೆ, ಅವಳು ಅದೇ ಗೈಡಿನ ಕಾಲಿನ ಬಳಿಗೆ ಹೋಗಬೇಕು. ಬರೆದರೆ ಮನೆಗೆ ಗೊತ್ತಾಗುತ್ತದೆ, ಓದು ನಿಲ್ಲುತ್ತದೆ. ಅವಳನ್ನು ಇಲ್ಲಿಗೆ ತಂದು ನಿಲ್ಲಿಸಿದ್ದು ಗೈಡ್ ಅಲ್ಲ. ಬಾಳೆಹಣ್ಣು ಹಿಡಿದುಕೊಂಡು ಹೋದ ನಾವು.

ಅಧ್ಯಕ್ಷರು, “ಯವ್ವಾ, ನಾವು ನಿಮ್ಮಪ್ಪಗ ತಿಳಿಸಿ ಹೇಳ್ತೀವಿ, ಮತ್ತೊಮ್ಮೆ ಹೋಗಿ...” ಎಂದರು.

“ಮೇಡಂ!” ಎಂದಳು ಹುಡುಗಿ. ನಾನು ಅವಳ ದನಿ ಏರಿದ್ದನ್ನು ಕೇಳಿದ್ದು ಅದೊಂದೇ ಸಲ. “ಸರ್ ನನಗ ಕೇಳಿ ಕೈ ಹಾಕ್ಲಿಲ್ರಿ. ನೀವು ನನಗ ಕೇಳಿ ಮನಿಗಿ ಬರಲಿಲ್ರಿ. ಇನ್ನ ಏನ್ ಮಾಡಬೇಕಂತ ಅನ್ಸಿದ್ರೂ ಮೊದಲು ನನಗ ಕೇಳ್ರಿ.”

ನನಗೆ ನಾಚಿಕೆಯಾಯಿತು. ಅಧ್ಯಕ್ಷರು ಮುಂದಿದ್ದ ಫೋಟೋವನ್ನು ಬೋರಲು ಮಾಡಿಟ್ಟರು. ಆಮೇಲೆ, ಆ ಸಮಿತಿ ಹುಟ್ಟಿದ ಮೇಲೆ ಯಾರೂ ಯಾರಿಗೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು. “ಹೇಳವ್ವ, ಏನ್ ಮಾಡೋಣ?”

“ಖರೇದು ಬರೀರಿ. ಆದ್ರ ಸೋಮವಾರ ಬರೀರಿ. ಅಪ್ಪಗ ನಾನೇ ಹೇಳ್ತೀನಿ. ಬ್ಯಾರೇದವರ ಬಾಯಿಂದ ಕೇಳಬಾರದು ಅವರು.”

“ಅವರು ಬ್ಯಾಡ ಅಂದ್ರ?” ಎಂದು ನಾನು ಕೇಳಿದೆ.

ಅವಳು ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು. ಅಧ್ಯಕ್ಷರು ಗಾಡಿ ಕಳಿಸುತ್ತೇನೆ ಎನ್ನಲು ಬಾಯಿ ತೆರೆದು, ನನ್ನ ಮುಖ ನೋಡಿ, ಮುಚ್ಚಿಕೊಂಡರು. ಇಷ್ಟಾದರೂ ಕಲಿತೆವಲ್ಲ ಎಂದುಕೊಂಡೆ.

ಆ ಶನಿವಾರ, ಭಾನುವಾರ ನಾನು ಶಹಾಬಜಾರದ ನನ್ನ ಮನೆಯಲ್ಲಿ ಯಾವ ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಫೋನು ಮಾಡೋಣವೆನ್ನಿಸುತ್ತಿತ್ತು, ಮಾಡಲಿಲ್ಲ. ಅಧ್ಯಕ್ಷರು ಮಾತ್ರ ನನಗೆ ಮೇಲಿಂದ ಮೇಲೆ ಫೋನು ಮಾಡಿ, “ಏನರೇ ಸುದ್ದಿ ಬಂತೇನ್ರಿ?” ಎಂದು ಕೇಳುತ್ತಿದ್ದರು. ಅವರ ಒಳ್ಳೆಯತನವನ್ನು ಕೈಕಾಲು ಕಟ್ಟಿ ಕೂರಿಸಿದ್ದು ಅದೇ ಮೊದಲು ಇರಬೇಕು, ಬಹಳ ಚಡಪಡಿಸುತ್ತಿದ್ದರು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಸುಮ್ಮನೆ ಕಾಯುವುದು ಎಂಥ ಶಿಕ್ಷೆ ಎಂದು ನನಗೆ ಅವತ್ತು ಗೊತ್ತಾಯಿತು.

ಸೋಮವಾರ ಹುಡುಗಿ ಬಂದಳು. ಹಿಂದೆ ತಂದೆ. ಅಂಗಡಿಯ ಅಂಗಿಯಲ್ಲೇ ಇದ್ದರು, ತೋಳಿನ ಮೇಲೆ ವಾರ್ನಿಷಿನ ಕಲೆ. ಎರಡು ದಿನ ನಿದ್ದೆ ಮಾಡಿರಲಿಲ್ಲ ಎಂದು ಕಣ್ಣು ಹೇಳುತ್ತಿತ್ತು. ನಾವೆಲ್ಲ ಎದ್ದು ನಿಂತೆವು. ಸೂಪರಿಂಟೆಂಡೆಂಟ್ ಕುರ್ಚಿ ಒರೆಸಿ ಮುಂದಿಟ್ಟರು. ತಂದೆ ಕೂರಲಿಲ್ಲ.

“ನಮ್ಮ ಮನ್ಯಾಗ ಉಪ್ಪಿಟ್ಟು ತಿಂದು, ನನ್ನ ಮಾರಿ ನೋಡಿ ಸುಳ್ಳು ಹೇಳಿ ಬಂದ್ರಿ,” ಎಂದರು, ಯಾರ ಕಡೆಯೂ ನೋಡದೆ. “ನಾ ಊರಿಗೆಲ್ಲ ಫೋಟೋ ತೋರಿಸ್ದೆ.”

ವಕೀಲೆ ಮೆಲ್ಲಗೆ, “ಅಣ್ಣಾ, ಮಗಳ ಓದಿಗೆ ಏನಂತೀರಿ?” ಎಂದು ಕೇಳಿದರು.

“ಸಾಕು, ಮನ್ಯಾಗಿರು ಅಂದೆ. ಎರಡ್ ದಿನ ಅದೇ ಅಂದೆ. ಮುಂಜಾನೆ ಎದ್ದು ಬಸ್ ಹತ್ತಿದ್ಲು.” ಅವರು ತೋಳಿನ ಕಲೆಯನ್ನು ಉಜ್ಜಿದರು. “ನಾನೂ ಹತ್ತಿದೆ.”

ಇಷ್ಟು ಹೇಳಿ ಅವರು ಹೊರಗೆ ಹೋಗಿ ವರಾಂಡದ ಕಲ್ಲುಬೆಂಚಿನ ಮೇಲೆ ಕೂತರು. ಅಲ್ಲಿ ಹರಟುತ್ತಿದ್ದವರು ಸ್ವಲ್ಪ ಸರಿದು ಜಾಗ ಕೊಟ್ಟರಂತೆ.

ಆಮೇಲೆ ಏನಾಯಿತು ಎಂದು ಕೇಳುವವರಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಗೈಡಿನ ತಪ್ಪು ಸಾಬೀತಾಯಿತು. ಇನ್ನು ಮುಂದೆ ಯಾವ ವಿದ್ಯಾರ್ಥಿಗೂ ಅವರು ಮಾರ್ಗದರ್ಶನ ಮಾಡುವಂತಿಲ್ಲ ಎಂದಾಯಿತು, ಬಡ್ತಿ ನಿಂತಿತು, ನೌಕರಿ ಉಳಿಯಿತು. ಹುಡುಗಿಗೆ ಬೇರೆ ಗೈಡ್ ಸಿಕ್ಕರು, ತಡವಾಗಿ. ವಿಶ್ವವಿದ್ಯಾಲಯ ಒಂದು ಸುತ್ತೋಲೆಯನ್ನೂ ಹೊರಡಿಸಿತು: ವಿದ್ಯಾರ್ಥಿನಿಯರು ಅಧ್ಯಾಪಕರ ಕಾಲು ಮುಟ್ಟಿ ನಮಸ್ಕರಿಸತಕ್ಕದ್ದಲ್ಲ. ಕೈ ಹಾಕಿದ್ದು ಯಾರು ಎಂಬುದು ಸುತ್ತೋಲೆಯಲ್ಲಿ ಎಲ್ಲೂ ಇಲ್ಲ, ಬಾಗಿದ್ದು ಯಾರು ಎಂಬುದಷ್ಟೇ ಇದೆ. ಓದಿ ನನಗೆ ಮೈ ಉರಿಯಿತು, ಈಗಲೂ ಉರಿಯುತ್ತದೆ.

ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಆ ಸೋಮವಾರದ್ದೇ. ತಂದೆ ಹೊರಗೆ ಹೋದ ಮೇಲೆ ಅಧ್ಯಕ್ಷರು ಸೂಪರಿಂಟೆಂಡೆಂಟರಿಗೆ ಬರೆಯಲು ಕೊಡದೆ ತಾವೇ ಪೆನ್ನು ತೆಗೆದುಕೊಂಡರು. ನಿಧಾನವಾಗಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು, ಸಮಿತಿಯ ತಪ್ಪೊಪ್ಪಿಗೆಯನ್ನು ಬರೆದರು. ದೂರುದಾರಳನ್ನು ಕೇಳದೆ, ಸದುದ್ದೇಶದಿಂದ, ಆಕೆಯ ಮನೆಗೆ ಭೇಟಿ ಕೊಟ್ಟದ್ದು ನಿಯಮಗಳಿಗೆ ವಿರುದ್ಧ. ಸನ್ಮಾನ ನಿಜವಲ್ಲ. ಫೋಟೋವನ್ನು ಸಾಕ್ಷ್ಯವೆಂದು ಪರಿಗಣಿಸಲಾಗದು. ಬರೆದು ಹುಡುಗಿಯ ಮುಂದೆ ಇಟ್ಟರು. ಅವಳು ಓದಿದಳು.

“ಮೇಡಂ, ‘ಸದುದ್ದೇಶದಿಂದ’ ಅನ್ನೋದು ತೆಗೀರಿ.”

ಅಧ್ಯಕ್ಷರಿಗೆ ನಿಜಕ್ಕೂ ನೋವಾಯಿತು. “ಯವ್ವಾ, ಅದು ಖರೇ ಅದಲ್ಲ. ನಿನಗ ಒಳ್ಳೇದಾಗ್ಲಿ ಅಂತನೇ ಬಂದಿದ್ವಿ ನಾವು.”

“ಗೊತ್ತದ್ರಿ ಮೇಡಂ. ಆದ್ರ ಸರ್ ತಮ್ಮ ಉತ್ತರದಾಗ ಬೆನ್ನ ಮ್ಯಾಲ ಕೈ ಇಟ್ಟದ್ದಕ್ಕೂ ಅದೇ ಬರದಾರ.”

ವಕೀಲೆ ಗೈಡಿನ ಉತ್ತರದ ಹಾಳೆ ತಿರುವಿ, ಆ ಸಾಲಿನ ಮೇಲೆ ಬೆರಳಿಟ್ಟು ಅಧ್ಯಕ್ಷರ ಮುಂದೆ ಸರಿಸಿದರು. ಅಧ್ಯಕ್ಷರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು, ಮತ್ತೆ ಹಾಕಿಕೊಂಡರು. ಆಮೇಲೆ ತಾವು ಬರೆದ ಪದದ ಮೇಲೆ ಗೀಟು ಎಳೆದರು. ಒಂದು ಗೀಟು ಸಾಲದು ಅನ್ನಿಸಿತೇನೋ, ಇನ್ನೊಂದು ಎಳೆದು, ಹಾಳೆಯನ್ನು ಅವಳ ಕಡೆಗೆ ತಿರುಗಿಸಿದರು.

“ಈಗ ನೋಡವ್ವ. ಸರಿ ಅದ ಏನು?”

ಹುಡುಗಿ ಅವಸರ ಮಾಡಲಿಲ್ಲ. ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು. ನಾವು ನಾಲ್ವರೂ ಬೆವರುತ್ತ ಕಾದೆವು.